ಒಂದು ಹಿಡಿ ಹಳೆಯ ಹಾಸು

ಮಾರ್ಚ್ ೧೪, ಶನಿವಾರ
ಮನೆಯಿಂದ

ನನ್ನ ಪುಟ್ಟಿಗೆ,

ಅಮ್ಮನ ಮುತ್ತು ನಿನಗೊಂದು, ಹೊಟ್ಟೆಯೊಳಗೆ ಇರುವವರಿಗೊಂದು. ಗಂಡೋ ಹೆಣ್ಣೋ ಗೊತ್ತಾಗುವವರೆಗೆ ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಆಮೇಲೆ ಹೇಗೂ ಏಕವಚನ, ಬೈಗುಳ ಎಲ್ಲ ಇದ್ದದ್ದೇ.

ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ತಡವಾದದ್ದಕ್ಕೆ ಎಷ್ಟು ಬೇಕೋ ಅಷ್ಟು ಬೈದುಕೋ, ಬಾಯಿ ತುಂಬ ಬೈದುಕೋ, ನನಗೆ ಬೇಸರವಿಲ್ಲ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದಕ್ಕೆ ಯಾರೂ ಅಡ್ಡಬಾಯಿ ಹಾಕಲು ಬರುವುದಿಲ್ಲ, ಅದೊಂದು ಸುಖ.

ನಿಮ್ಮಪ್ಪ ಗಟ್ಟಿಯಾಗಿದ್ದಾರೆ. ಗಡಿಯಾರದ ಅಂಗಡಿಯಲ್ಲಿ ಈಗ ಗಿರಾಕಿಗಳಿಗಿಂತ ಹರಟೆಗೆ ಬರುವವರೇ ಹೆಚ್ಚು. ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಮೊನ್ನೆ ಊಟಕ್ಕೆ ಕೂತಿದ್ದರು. ಕೇಳಿದರೆ, "ಹೀಗೆ ನೋಡಿದ್ರೆ ನೀನು ಬಡಿಸಿದ್ದು ಜಾಸ್ತಿ ಕಾಣತ್ತೆ ಕಣೇ" ಎಂದರು. ಅವರ ಬಗ್ಗೆ ಇಷ್ಟು ಸಾಕು.

ನೀನು ಬರೆದದ್ದನ್ನು ನಾನು ಸರಿಯಾಗಿ ಓದಿಕೊಂಡಿದ್ದೇನೆಯೇ, ನೀನೇ ನೋಡು. ಆರು ತಿಂಗಳು ತುಂಬಿತು. ಡಾಕ್ಟರಮ್ಮ ಎಲ್ಲ ಚೆನ್ನಾಗಿದೆ ಎಂದಿದ್ದಾರೆ. ಹಿಂದಿನ ಎರಡು ಸಲವೂ ಮೂರನೆಯ ತಿಂಗಳು ದಾಟಿರಲಿಲ್ಲ. ಈ ಸಲ ದಾಟಿ ಬಹಳ ದಿನವಾಯಿತು, ಆದರೂ ನಿನಗೆ ಒಳಗೊಳಗೇ ನಡುಕ. ಅದಕ್ಕೇ ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆಯುತ್ತೀಯ. ಬಾಗಿಲ ಹಿಡಿಯನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತೀಯ. ಅಳಿಯಂದಿರು ಕೆಲಸದಿಂದ ಬಂದರೆ ಮೆಟ್ಟಿಲ ಮೇಲೇ ಷರ್ಟು ಬಿಚ್ಚಬೇಕು. ಪಾಪ, ಪಕ್ಕದ ಮನೆಯವರು ಅವರನ್ನು ಬರಿ ಬನಿಯನ್ನಿನಲ್ಲಿ ನೋಡಿ ನೋಡಿ ಏನೆಂದುಕೊಂಡಿದ್ದಾರೋ. ಎರಡು ತಿಂಗಳಿಂದ ಹೊರಗಿನವರು ಯಾರೂ ನಿನ್ನ ಮನೆಯ ಹೊಸ್ತಿಲು ದಾಟಿಲ್ಲ. ಕೊನೆಗೆ ನೀನು ಬರೆದದ್ದು ಇದು, ಅಕ್ಷರ ಅಕ್ಷರ ನನಗೆ ಬಾಯಿಪಾಠವಾಗಿದೆ:

"ಅಮ್ಮ, ಅತ್ತೆ ಹೆರಿಗೆಗೆ ಬಂದು ಇರ್ತೀನಿ ಅಂತ ಹಟ ಹಿಡಿದಿದ್ದಾರೆ. ಅವರ ಕೈ ಯಾವಾಗ್ಲೂ ಮಣ್ಣು, ಜೊತೆಗೆ ಆ ನಾಯಿ ಬೇರೆ. ನೀನು ಈಗಲೇ ಬಂದುಬಿಡು. ನೀನು ಬಾಗಿಲಲ್ಲಿ ನಿಂತ್ರೆ ಯಾವ ಕ್ರಿಮಿಗೂ ಒಳಗೆ ಬರೋ ಧೈರ್ಯ ಇರಲ್ಲ. ನನ್ನನ್ನ ಹೇಗೆ ಸಾಕಿದ್ಯೋ ಹಾಗೇ ಇದನ್ನೂ ಸಾಕಿಕೊಡು."

ಪುಟ್ಟಿ, ಬರುತ್ತೇನೆ. ಆದರೆ ಬಾಗಿಲಲ್ಲಿ ನಿಲ್ಲುವುದಿಲ್ಲ. ನಿನ್ನನ್ನು ಸಾಕಿದ ಹಾಗೆ ಸಾಕಿಕೊಡುವುದಂತೂ ಇಲ್ಲವೇ ಇಲ್ಲ. ಯಾಕೆ ಎಂದು ಹೇಳಲು ನಮ್ಮ ಇಲಿಮನೆಯ ಕಥೆ ಹೇಳಬೇಕು. ಮೂವತ್ತೊಂದು ವರ್ಷ ಬಿಳಿ ಇಲಿಗಳನ್ನು ಸಾಕಿದವಳ ಬಾಯಲ್ಲಿ ಬೇರೆ ಇನ್ನೇನು ಬಂದೀತು. ಕಾಲು ಚಾಚಿ ಕೂತು ಓದು.

ನಮ್ಮಲ್ಲಿ ಏಳನೆಯ ಕೋಣೆ ಮತ್ತು ಎಂಟನೆಯ ಕೋಣೆ ಎದುರುಬದುರು, ನಡುವೆ ಒಂದು ಓಣಿ. ಏಳನೆಯದಕ್ಕೆ ನಾನು ಆಸ್ಪತ್ರೆ ಎಂದು ಹೆಸರಿಟ್ಟಿದ್ದೆ, ಎಂಟನೆಯದಕ್ಕೆ ಸಂತೆ. ಎರಡು ಕೋಣೆಯೂ ಸಂಶೋಧನೆ ಮಾಡುವ ಮೇಡಂ ಅವರದು. ನಿನಗೆ ಗೊತ್ತಲ್ಲ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರು. ಆಸ್ಪತ್ರೆಯಲ್ಲಿ ಹುಟ್ಟಿದ ಹೆಣ್ಣುಮರಿಗಳಿಗೆ ಎಲ್ಲವೂ ಹಬೆಯಲ್ಲಿ ಬೇಯಿಸಿದ್ದೇ: ಪಂಜರ, ನೀರಿನ ಶೀಷೆ, ಕಾಳು, ಕೆಳಗೆ ಹಾಸುವ ಮರದ ಹೊಟ್ಟು, ಎಲ್ಲ. ಪಂಜರ ಬದಲಾಯಿಸುವಾಗ ಹಳೆಯ ಹಾಸಿನ ಒಂದು ಎಳೆಯೂ ಹೊಸದಕ್ಕೆ ಹೋಗಬಾರದು. ಸಂತೆಯ ಮರಿಗಳಿಗೆ ಬೇರೆ ಲೆಕ್ಕ. ಅವುಗಳ ಪಂಜರಕ್ಕೆ ಸಾಕುಪ್ರಾಣಿ ಅಂಗಡಿಯಿಂದ ತಂದ ಇಲಿಗಳ ಹಳೆಯ ಹಾಸನ್ನು ಚೂರು ಚೂರು ಹಾಕುತ್ತಿದ್ದರು. ಅಂದರೆ ನಾಲ್ಕು ಜನ ಬಂದು ಹೋಗುವ ಮನೆಯಲ್ಲಿ ಬೆಳೆದ ಹಾಗೆ. ಎರಡು ಕೋಣೆಯ ಹೆಣ್ಣುಮರಿಗಳೂ ದೊಡ್ಡವಾಗಿ ಬಸಿರಾದ ಮೇಲೆ, ಯಾವ ಹೊಟ್ಟೆಯಲ್ಲಿ ಎಷ್ಟು ಮರಿ ನಿಲ್ಲುತ್ತದೆ ಎಂದು ನೋಡುವುದು ಮೇಡಂ ಅವರ ಕೆಲಸ.

ಯಾಕೆ ಮೇಡಂ ಇದೆಲ್ಲ ಎಂದು ಮೊದಲೇ ಕೇಳಿದ್ದೆ. ಅವರು ನನಗೆ ತಿಳಿಯುವ ಹಾಗೆ ಹೇಳಿದರು. "ನಮ್ಮ ಗೇಟಿನಲ್ಲಿ ಹೊಸ ವಾಚ್‌ಮನ್ ಬಂದಾಗ ಏನಾಯ್ತು ನೆನಪಿದ್ಯಾ? ನಿರ್ದೇಶಕರನ್ನೇ ಹೊರಗೆ ನಿಲ್ಲಿಸಿಬಿಟ್ಟ. ಹಳಬ ಹಾಗೆ ಮಾಡ್ತಿರಲಿಲ್ಲ. ಅವನು ಸಾವಿರ ಮುಖ ನೋಡಿದ್ದ, ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅವನಿಗೆ ಗೊತ್ತು. ಮೈಯೊಳಗೂ ಅಂಥ ಕಾವಲುಗಾರರು ಇರ್ತಾರೆ. ಹೊಟ್ಟೆಯಲ್ಲಿರೋ ಮರಿ ಅರ್ಧ ತಾಯಿದು, ಅರ್ಧ ಹೊರಗಿನದು. ಅದನ್ನ ಬಿಡಬೇಕೋ ತಡೀಬೇಕೋ ಅನ್ನೋದು ಕಾವಲುಗಾರರಿಗೆ ಪ್ರಶ್ನೆ. ಚಿಕ್ಕಂದಿನಲ್ಲಿ ಅವರು ಏನೇನು ನೋಡಿದಾರೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇದ್ಯಾ ಅಂತ ನಾವು ಕೇಳ್ತಿದ್ದೀವಿ." ಆಗ ನಾನು ತಲೆಯಾಡಿಸಿ ಸುಮ್ಮನೆ ಶೀಷೆ ತೊಳೆಯಲು ಹೋದೆ. ಇಲಿಯ ಕಾವಲುಗಾರ ಕಟ್ಟಿಕೊಂಡು ನನಗೇನು ಎಂದುಕೊಂಡಿದ್ದೆ.

ಇಲಿಮನೆಯಲ್ಲಿ ಒಂದು ನಿಯಮವಿದೆ. ಅದನ್ನು ನೀನು ಚಿಕ್ಕವಳಿದ್ದಾಗ ಪಾಠದ ಹಾಗೆ ಹೇಳುತ್ತಿದ್ದೆ, ನೆನಪಿದೆಯಾ? ಮೊದಲು ಶುದ್ಧದ ಕೋಣೆ, ಆಮೇಲೆ ಕೊಳೆಯ ಕೋಣೆ. ಆಸ್ಪತ್ರೆಯಿಂದ ಸಂತೆಗೆ ಹೋಗಬಹುದು. ಸಂತೆಗೆ ಹೋದವಳು ಆ ದಿನ ಮತ್ತೆ ಆಸ್ಪತ್ರೆಯ ಬಾಗಿಲು ಮುಟ್ಟುವ ಹಾಗಿಲ್ಲ. ಮೂವತ್ತೊಂದು ವರ್ಷದಲ್ಲಿ ಈ ನಿಯಮವನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಯಾರೂ ಇಲ್ಲ. ನನ್ನನ್ನು ಎಲ್ಲರೂ ಮಡಿಯಮ್ಮ ಎಂದು ಕರೆಯುವುದು ಸುಮ್ಮನೆ ಅಲ್ಲ.

ಹಾಗಿದ್ದ ನಾನು ಅದನ್ನು ಮುರಿದೆ. ಒಂದು ಸಲವಲ್ಲ, ಹನ್ನೊಂದು ಸಲ.

ನಿಮ್ಮಪ್ಪ ಕರೆಯುತ್ತಿದ್ದಾರೆ, ಯಾವುದೋ ಸ್ಪ್ರಿಂಗು ಹಾರಿ ಮಂಚದ ಕೆಳಗೆ ಹೋಗಿದೆಯಂತೆ. ಮಿಕ್ಕದ್ದು ಸೋಮವಾರ.

ಮಾರ್ಚ್ ೧೬, ಸೋಮವಾರ
ತೊಳೆಯುವ ಕೋಣೆ, ಊಟದ ಬಿಡುವು

ಹಬೆಪೆಟ್ಟಿಗೆ ಪಕ್ಕದಲ್ಲಿ ಉಸ್ ಉಸ್ ಎನ್ನುತ್ತಿದೆ. ಅಕ್ಷರ ಅಲ್ಲಲ್ಲಿ ಒದ್ದೆಯಾದರೆ ನಾನು ಅತ್ತಿದ್ದೇನೆ ಎಂದುಕೊಳ್ಳಬೇಡ, ಅದು ಹಬೆ.

ನಿನಗೆ ಎರಡನೆಯ ಸಲ ಹೋದದ್ದು ಒಂದು ಗುರುವಾರ. ಆ ದಿನ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತಿದ್ದೆ, ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಶುಕ್ರವಾರ ನಾನು ಕೆಲಸಕ್ಕೆ ಹೋದೆ. ರಜ ಹಾಕಿ ಮನೆಯಲ್ಲಿದ್ದು ಮಾಡುವುದಾದರೂ ಏನು. ಏಳನೆಯ ಕೋಣೆಯಲ್ಲಿ ಹಿಂದಿನ ದಿನವಷ್ಟೇ ಮರಿ ಹಾಕಿದ ತಾಯಂದಿರು ಇದ್ದವು, ಎಲ್ಲವೂ ಚೊಚ್ಚಲು. ಹೊಸ ಪಂಜರಕ್ಕೆ ಬಿಟ್ಟೆ. ಚೊಚ್ಚಲ ತಾಯಿಗೆ ಗೂಡು ಕಟ್ಟಲು ಬರುವುದಿಲ್ಲ ಪುಟ್ಟಿ, ಹೊಸ ಹಾಸಿನಲ್ಲಿ ಅದಕ್ಕೆ ದಿಕ್ಕೇ ತೋಚುವುದಿಲ್ಲ. ಮೊದಲನೆಯ ಪಂಜರದ್ದು ಮರಿಗಳನ್ನು ನಡುವೆ ಬಿಟ್ಟು ಮೂಲೆಗೆ ಹೋಗಿ ಗೋಡೆಯ ಕಡೆ ತಿರುಗಿ ಕೂತಿತು.

ನನಗೆ ನೋಡಲು ಆಗಲಿಲ್ಲ. ಆ ದಿನ ಅದೊಂದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಎದುರಿನ ಸಂತೆ ಕೋಣೆಯಲ್ಲಿ ಕಿವಿಹರಕಿ ಎಂಬ ಮುದಿ ಇಲಿ ಇತ್ತು. ಆರು ಸಲ ಹೆತ್ತ ಗಟ್ಟಿಗಿತ್ತಿ. ಹಾಸನ್ನು ಹಲ್ಲಿನಲ್ಲಿ ಎಳೆ ಎಳೆಯಾಗಿ ಸೀಳಿ ಅದು ಕಟ್ಟಿದ ಗೂಡು ಹತ್ತಿಯ ಹಾಗೆ ಇರುತ್ತಿತ್ತು. ಓಣಿ ದಾಟಿ ಹೋದೆ, ಅದರ ಗೂಡಿನಿಂದ ಒಂದು ಹಿಡಿ ತೆಗೆದೆ, ಅದು ನನ್ನ ಬೆರಳು ಕಚ್ಚಿತು, ಕಚ್ಚಲಿ ಎಂದು ಹಿಂದಕ್ಕೆ ಬಂದೆ. ಚೊಚ್ಚಲ ತಾಯಿಯ ಮುಂದೆ ಇಟ್ಟೆ. ಅದು ಮೂಸಿತು, ಸುತ್ತ ಒಂದು ಸುತ್ತು ಬಂತು, ಮರಿಗಳನ್ನು ಒಂದೊಂದಾಗಿ ಎತ್ತಿ ತಂದು ಅದರ ಮೇಲೆ ಮಲಗಿಸಿಕೊಂಡಿತು. ಆಮೇಲೆ ಮಿಕ್ಕ ಹತ್ತು ಪಂಜರಕ್ಕೂ ಹಾಗೇ ಮಾಡಿದೆ. ನನ್ನ ಪಾಲಿನವು ಹನ್ನೊಂದು. ಮಿಕ್ಕ ಪಂಜರಗಳು ಗೊಣಗಪ್ಪನ ಪಾಲಿನವು. ನನ್ನ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವವನು, ಗೊಣಗದೆ ಒಂದು ಶೀಷೆ ಎತ್ತಿದವನಲ್ಲ.

ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ, ಒಂದು ಹಿಡಿ ಹೊಟ್ಟು ತಾನೆ ಎಂದುಕೊಂಡೆ. ಮಡಿಯಮ್ಮನ ಬುದ್ಧಿ ಆ ದಿನ ಎಲ್ಲಿ ಮೇಯಲು ಹೋಗಿತ್ತೋ.

ಆ ಮರಿಗಳು ಬೆಳೆದು ಬಸಿರಾದವು. ಈಗ ಫೆಬ್ರುವರಿಯಲ್ಲಿ ಮೇಡಂ ಎಲ್ಲ ಒಟ್ಟುಗೂಡಿಸಿ ನೋಡಿದರು. ಸಂತೆಯ ಇಲಿಗಳ ಹೊಟ್ಟೆಯಲ್ಲಿ ಮರಿಗಳು ಚೆನ್ನಾಗಿ ನಿಂತಿದ್ದವು. ಆಸ್ಪತ್ರೆಯವುಗಳಲ್ಲಿ ಬಹಳ ಮರಿ ನಡುವೆಯೇ ಕರಗಿ ಹೋಗಿದ್ದವು. ಆದರೆ ಆಸ್ಪತ್ರೆಯ ಒಂದಿಷ್ಟು ಇಲಿಗಳು ಮಾತ್ರ ಸಂತೆಯವುಗಳ ಹಾಗೇ ಗುಂಡಗೆ, ಸುಖವಾಗಿ. ಅವು ಹುಟ್ಟಿದ್ದು ಎಲ್ಲಿ ಎಂದು ಚೀಟಿ ತೆಗೆದು ನೋಡಿದರೆ ಹನ್ನೊಂದೂ ನಾನು ನೋಡಿಕೊಂಡ ಪಂಜರ. "ಮಡಿಯಮ್ಮನ ಕೈಗುಣ!" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಗುಣ ಅಂದರೆ ಯಾರಿಗೆ ಬೇಡ?

ಮೇಡಂ ನಗಲಿಲ್ಲ. ಅವರಿಗೆ ಗೊಣಗಪ್ಪನ ಮೇಲೆ ಅನುಮಾನ ಬಂತು. ಚೀಟಿಗಳನ್ನು ಅದಲುಬದಲು ಮಾಡಿದ್ದಾನೆ, ಸಂತೆಯ ಇಲಿಗಳನ್ನೇ ಆಸ್ಪತ್ರೆಗೆ ಹಾಕಿದ್ದಾನೆ ಎಂದು. ನಿನ್ನ ಕಾಗದ ಬಂದ ವಾರವೇ ಅವನನ್ನು ವಿಚಾರಣೆಗೆ ಕರೆದರು. ಉದ್ದ ಮೇಜಿನ ಸುತ್ತ ಎಲ್ಲರೂ ಕೂತಿದ್ದೆವು. "ಯಾರಾದ್ರೂ ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ರೆ ಈಗ್ಲೇ ಹೇಳಿಬಿಡಿ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ನಾನು ನನ್ನ ಬೆರಳು ನೋಡಿಕೊಂಡೆ, ಕಿವಿಹರಕಿ ಕಚ್ಚಿದ ಬೆರಳು. ಗೊಣಗಪ್ಪ ಆ ದಿನ ಗೊಣಗುತ್ತಲೂ ಇರಲಿಲ್ಲ ಪುಟ್ಟಿ, ಸುಮ್ಮನೆ ತಲೆ ತಗ್ಗಿಸಿ ಕೂತಿದ್ದ. ಅದನ್ನು ತಡೆಯಲಾಗಲಿಲ್ಲ.

"ನಾನು ಮೇಡಂ" ಎಂದೆ. ಎದ್ದು ನಿಂತೇ ಹೇಳಿದೆ. ಒಂದು ಹಿಡಿ ಹಾಸು, ಕಿವಿಹರಕಿ, ಹನ್ನೊಂದು ಪಂಜರ, ಎಲ್ಲ.

ಮೇಡಂ ಮೇಜಿನ ಮೇಲೆ ತಲೆ ಇಟ್ಟುಬಿಟ್ಟರು. ಕನ್ನಡಕ ಜಾರಿ ಕೆಳಗೆ ಬಿತ್ತು. ಆಮೇಲೆ ತಲೆ ಎತ್ತಿ, "ಮರಿ ಹುಟ್ಟಿ ಎಷ್ಟು ದಿನಕ್ಕೆ ಇಟ್ರಿ?" ಎಂದರು. "ಮಾರನೇ ದಿನ." "ಒಂದೇ ಸಲಾನಾ?" "ಒಂದೇ ಸಲ." "ಎಷ್ಟು?" ನಾನು ಮುಷ್ಟಿ ಮುಚ್ಚಿ ತೋರಿಸಿದೆ. ಅವರು ಆ ಮುಷ್ಟಿಯನ್ನೇ ನೋಡುತ್ತ ಕೂತರು. ಬೈಯಬೇಕೋ ನಗಬೇಕೋ ಅವರಿಗೇ ಗೊತ್ತಾಗುತ್ತಿರಲಿಲ್ಲ ಎಂದು ಕಾಣುತ್ತದೆ. "ಅಮ್ಮ, ನೀವು ನನ್ನ ಒಂದು ವರ್ಷದ ಕೆಲಸ ನೀರಿಗೆ ಹಾಕಿದ್ರಿ. ಇದನ್ನ ಈಗ ಮೊದಲಿಂದ, ಸರಿಯಾಗಿ, ನಿಮ್ಮ ಮುಷ್ಟೀನ ತೂಕ ಮಾಡಿಕೊಂಡು ಮಾಡಬೇಕು" ಎಂದರು. ನನಗೆ ಎಚ್ಚರಿಕೆಯ ಕಾಗದ ಕೊಟ್ಟರು, ಕೋಣೆಗಳಿಂದ ತೆಗೆದು ಇಲ್ಲಿ ತೊಳೆಯುವುದಕ್ಕೆ ಹಾಕಿದರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಮಾಡಿದ್ದುಣ್ಣೋ ಮಹರಾಯ, ತಪ್ಪೇನಿಲ್ಲ. ಗೊಣಗಪ್ಪ ಮಾರನೆಯ ದಿನದಿಂದ ಮತ್ತೆ ಗೊಣಗಲು ಶುರುಮಾಡಿದ್ದಾನೆ, ಕೇಳಲು ಹಿತವಾಗಿದೆ.

ನಿನಗೆ ಬೇಕಾದ ಮಾತು ಈಗ ಬರುತ್ತದೆ. ಎಲ್ಲರೂ ಎದ್ದು ಹೋದ ಮೇಲೆ ನಾನು ಮೇಡಂ ಅವರ ಮುಂದೆ ಉಳಿದುಕೊಂಡೆ. ನಿನ್ನ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. "ಮೇಡಂ, ನನ್ನ ಮಗಳನ್ನ ನಾನು ಆಸ್ಪತ್ರೆ ಕೋಣೆ ಥರಾನೇ ಸಾಕಿದೆ" ಎಂದೆ. ನಿನ್ನ ಆಟದ ರಬ್ಬರ್ ಬಾತುಕೋಳಿಯನ್ನು ಕುದಿಸಿ ಕುದಿಸಿ ಅದರ ಕೊಕ್ಕು ಕರಗಿ ಹೋದದ್ದು, ಬೀದಿಯ ಮಕ್ಕಳ ಜೊತೆ ಮಣ್ಣಾಡಲು ಬಿಡದೆ ಕಿಟಕಿಯ ಹಿಂದೆ ಕೂರಿಸಿದ್ದು, ನೀನು ಬೇರೆ ಮಕ್ಕಳನ್ನು ಮುಟ್ಟಿ ಬಂದರೆ ಮೊಣಕೈವರೆಗೆ ಉಜ್ಜಿ ಕೆಂಪಗೆ ಮಾಡಿದ್ದು, ಎಲ್ಲ ಹೇಳಿದೆ. "ಅವಳಿಗೆ ಎರಡು ಸಲ ನಿಲ್ಲಲಿಲ್ಲ. ನನ್ನಿಂದಾನಾ?"

ಮೇಡಂ ನನ್ನನ್ನು ಕೂರಿಸಿದರು. ಅವರು ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ, ಅದಕ್ಕೇ ಕೇಳಿದ್ದು. "ನಂಗೆ ಗೊತ್ತಿಲ್ಲ ಅಮ್ಮ. ಹೌದು ಅಂದ್ರೂ ಸುಳ್ಳಾಗತ್ತೆ, ಇಲ್ಲ ಅಂದ್ರೂ ಸುಳ್ಳಾಗತ್ತೆ. ಇಲಿ ಇಲಿ, ಮನುಷ್ಯರು ಮನುಷ್ಯರು. ಅದೂ ಒಂದು ಕೆಟ್ಟುಹೋದ ಪ್ರಯೋಗದ ಇಲಿ. ಗರ್ಭ ನಿಲ್ಲದೇ ಇರೋದಕ್ಕೆ ಎಷ್ಟೋ ಕಾರಣ, ಬಹಳ ಸಲ ಕಾರಣಾನೇ ಸಿಗಲ್ಲ. ಯಾವ ಒಬ್ಬ ತಾಯಿನೂ ಅದನ್ನ ತನ್ನ ಲೆಕ್ಕಕ್ಕೆ ಬರ್ಕೋಬಾರದು." ಆಮೇಲೆ ಕನ್ನಡಕ ಒರೆಸುತ್ತ, "ಈಗ ಅವಳಿಗೆ ಮಣ್ಣು ತಿನ್ನಿಸೋಕೆ ಮಾತ್ರ ಹೋಗ್ಬೇಡಿ, ನಿಮ್ಮನ್ನ ನಂಬೋಕಾಗಲ್ಲ" ಎಂದರು. ಇಬ್ಬರೂ ನಕ್ಕೆವು.

ಆ ಉತ್ತರವನ್ನು ನಾನು ಇಪ್ಪತ್ತು ದಿನ ಅಗಿದಿದ್ದೇನೆ ಪುಟ್ಟಿ. ಗೊತ್ತಿಲ್ಲ ಎನ್ನುವುದೂ ಒಂದು ಉತ್ತರವೇ. ನೀನೂ ಅದನ್ನು ಅಷ್ಟಕ್ಕೇ ಇಟ್ಟುಕೋ. ನಿನ್ನಿಂದ ಆಯಿತು ಎಂದು ನೀನು ಕೊರಗಬೇಡ, ನನ್ನಿಂದ ಆಯಿತು ಎಂದು ನಾನೂ ಎದೆ ಬಡಿದುಕೊಳ್ಳುವುದಿಲ್ಲ. ನನಗೆ ಗೊತ್ತಿರುವುದನ್ನು ಮಾತ್ರ ಹೇಳುತ್ತೇನೆ, ಇದು ಮೂವತ್ತೊಂದು ವರ್ಷ ತೊಳೆದ ಕೈಯ ಮಾತು.

ಡಾಕ್ಟರಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡು. ಮಾತ್ರೆ ಬಿಡಬೇಡ. ಊಟಕ್ಕೆ ಮುಂಚೆ ಕೈ ತೊಳಿ, ತರಕಾರಿಯನ್ನು ಬರಿ ನೀರಿನಲ್ಲಿ ಚೆನ್ನಾಗಿ ತೊಳಿ. ಸೋಪು ಹಾಕಿದ ಸೊಪ್ಪು ತಿಂದರೆ ಮಗು ಗುಳ್ಳೆ ಬಿಡುತ್ತ ಹುಟ್ಟೀತು. ಹಾಲು ಕಾಯಿಸು. ಕೆಮ್ಮು ಜ್ವರ ಇದ್ದವರು ದೂರ ಇರಲಿ. ಇಷ್ಟೇ. ಅದರಾಚೆಗೆ ಬಾಗಿಲು ತೆಗಿ. ಕೈ ತೊಳೆಯುವುದು ಬೇರೆ, ಜನರನ್ನೇ ತೊಳೆದು ಹಾಕುವುದು ಬೇರೆ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ಅಳಿಯಂದಿರಿಗೆ ಮೊದಲು ಷರ್ಟು ಹಾಕಿಸು.

ಇನ್ನು ನಿನ್ನ ಅತ್ತೆಯ ವಿಷಯ. ನೀನು ಬರೆಯದೆ ಬಿಟ್ಟದ್ದನ್ನು ನನ್ನ ಬೀಗಿತ್ತಿಯೇ ಫೋನು ಮಾಡಿ ಹೇಳಿದರು. ದೂರು ಅಲ್ಲ, ಅವರ ಬಾಯಲ್ಲಿ ದೂರು ಬರುವುದೇ ಇಲ್ಲ. ಮೂವತ್ತು ವರ್ಷದಿಂದ ಗಿಡ ಬೆಳೆಸಿ ಮಾರುವ ಹೆಂಗಸು. ಎಂಟು ಗಂಟೆ ಬಸ್ಸಿನಲ್ಲಿ ಕೂತು, ಬುಟ್ಟಿಯಲ್ಲಿ ನಾಲ್ಕು ಸಸಿ ಇಟ್ಟುಕೊಂಡು, ನಾಯಿಯನ್ನು ಪಕ್ಕದವರಿಗೆ ಒಪ್ಪಿಸಿ ನಿನ್ನನ್ನು ನೋಡಲು ಬಂದಿದ್ದರು. ನೀನು ಸಸಿಗಳನ್ನು ಮೆಟ್ಟಿಲ ಮೇಲೇ ಇಡಿಸಿದೆ. "ಕೈ ತೊಳ್ಕೊಂಡೆ ಬೀಗಿತ್ತಿ, ಮೂರು ಸಲ ತೊಳ್ಕೊಂಡೆ. ಉಗುರಿನ ಕಪ್ಪು ಹೋಗಲ್ಲ ನೋಡಿ, ಅದು ಮೂವತ್ತು ವರ್ಷದ್ದು. ಆಮೇಲೆ ಹೊಟ್ಟೆ ಮೇಲೆ ಕೈಯಿಟ್ಟು ನೋಡ್ಲಾ ಅಂದೆ. ಪಾಪ, ಭಯ ಅವಳಿಗೆ. ಗ್ಲೌಸ್ ತಂದುಕೊಟ್ಟಳು" ಎಂದರು. "ಹಾಕ್ಕೊಂಡ್ರಾ?" ಎಂದು ಕೇಳಿದೆ. "ಹಾಕ್ಕೊಂಡೆ. ಮಗು ಒದೀತು ಅಂತ ಅವಳು ಅಂದ್ಲು. ನಂಗೆ ಗೊತ್ತಾಗ್ಲಿಲ್ಲ" ಎಂದರು. ಸಂಜೆಯ ಬಸ್ಸಿಗೇ ವಾಪಸ್ಸು ಹೋದರಂತೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅದನ್ನು ಕೇಳಿ ನಾನು ಕೂತಲ್ಲೇ ಕೂತೆ. ಯಾಕೆ ಎಂದು ಇನ್ನೂ ನಿನಗೆ ಬರೆದಿಲ್ಲ.

ಈಗ ನೀನು ಮಾಡಬೇಕಾದದ್ದು: ಈ ಕಾಗದ ಓದಿ ಮುಗಿಸಿದ ತಕ್ಷಣ ಅತ್ತೆಗೆ ಫೋನು ಮಾಡು. ಹೆರಿಗೆಗೆ ಬನ್ನಿ ಎನ್ನು, ನಾನೂ ಬರುತ್ತೇನೆ. ಅಡುಗೆ ನನ್ನದು, ಮಗುವಿನ ಸ್ನಾನ ಅವರದು, ಜಗಳ ಇಬ್ಬರದ್ದೂ. ನಾಯಿಯ ವಿಷಯ ಡಾಕ್ಟರಮ್ಮನನ್ನು ಕೇಳು, ಅವರು ಸರಿ ಎಂದರೆ ಅದೂ ಬರಲಿ. ಮೆಟ್ಟಿಲ ಮೇಲಿನ ಸಸಿಗಳು ಇನ್ನೂ ಬದುಕಿದ್ದರೆ ಅಳಿಯಂದಿರ ಕೈಯಲ್ಲಿ ನೀರು ಹಾಕಿಸು. ಬಾಣಂತಿಯ ಕೋಣೆಯೊಳಗೆ ಮೊದಲು ಯಾರು, ಆಮೇಲೆ ಯಾರು ಎಂಬ ನಿಯಮ ನಾನು ಇನ್ನು ಮಾಡುವುದಿಲ್ಲ. ಆ ಪಾಠವನ್ನು ನೀನೂ ಮರೆತುಬಿಡು.

ಹೊತ್ತು ಹೊತ್ತಿಗೆ ತಿನ್ನು. ಮಗ್ಗುಲಾಗಿ ಮಲಗು. ಹೆದರಿಕೆಯಾದಾಗ ಬಟ್ಟೆ ಹಿಡಿದು ಒರೆಸಲು ಹೋಗುವ ಬದಲು ಯಾರನ್ನಾದರೂ ಕರೆದು ಪಕ್ಕದಲ್ಲಿ ಕೂರಿಸಿಕೋ. ಈ ಸಲ ನಿನ್ನ ಮಡಿಲು ತುಂಬುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ, ನನ್ನ ಮನಸ್ಸು ಅಷ್ಟು ಸುಲಭಕ್ಕೆ ಬಾಯಿಬಿಡುವಂಥದ್ದಲ್ಲ. ನೀವಿಬ್ಬರೂ ಗಟ್ಟಿಮುಟ್ಟಾಗಿ, ಬಾಯಿ ಜೋರಾಗಿ, ಕಾಲಲ್ಲಿ ಮಣ್ಣು ಮಾಡಿಕೊಂಡು ನೂರು ವರ್ಷ ಓಡಾಡಿ.

ಇಷ್ಟಕ್ಕೆಲ್ಲ ನನ್ನ ಮೇಲೆ ಸಿಟ್ಟು ಬಂದರೆ ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಹಾಗೂ ಇಲ್ಲ. ಅಲ್ಲಿ ಈಗ ಜಾಗವಿಲ್ಲ.

ನಿನ್ನ
ಅಮ್ಮ

(ಹೆಸರು ಹಾಕು ಎಂದು ನಿಮ್ಮಪ್ಪ ಹೇಳಿದ್ದರು. ಹಾಕಿದ್ದೇನೆ ಎಂದುಕೋ.)

ತಾ.ಕ. ಕವರು ಅಂಟಿಸಿದ್ದೆ. ಮತ್ತೆ ಹಬೆಗೆ ಹಿಡಿದು ಬಿಚ್ಚಿದೆ, ಇಲ್ಲಿ ಅದೊಂದು ಅನುಕೂಲ.

ನಿನಗೆ ಆರು ತಿಂಗಳು ತುಂಬಿದಾಗ ನಾನು ಕೆಲಸಕ್ಕೆ ಮರಳಿದೆ. ಅದೇ ತಿಂಗಳು ಮರಿಗಳ ಕೋಣೆಗೆ ರೋಗ ಬಂತು. ನೂರ ನಲವತ್ತು ಪಂಜರ. ಎರಡು ದಿನದಲ್ಲಿ ಒಂದನ್ನೂ ಉಳಿಸದೆ ಎಲ್ಲವನ್ನೂ ಮುಗಿಸಬೇಕಾಯಿತು, ಪಂಜರಗಳನ್ನು ಹೊತ್ತು ಕೊಟ್ಟವಳು ನಾನೇ. ಆಗಿನ ಪಶುವೈದ್ಯರು, "ಯಾರದ್ದೋ ಕೈಯಲ್ಲಿ ಬಂದಿದೆ" ಎಂದರು. ಯಾರ ಕೈ ಎಂದು ಅವರು ಹೇಳಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ. ಆದರೆ ಆ ವಾರ ನಿನ್ನ ಯೋಚನೆಯಲ್ಲೇ ಒಂದು ದಿನ ಕೈ ತೊಳೆಯದೆ ಒಳಗೆ ಹೋಗಿದ್ದೆ. ನನಗೆ ಗೊತ್ತಿತ್ತು.

ಕೊನೆಯ ಪಂಜರ ಹೊತ್ತು ಕೊಟ್ಟ ದಿನ ಸಂಜೆ ಮನೆಗೆ ಬಂದಾಗ ನೀನು ಎರಡೂ ಕೈ ಚಾಚಿದೆ. ನಾನು ಜೇಬಿನಿಂದ 'ಗ್ಲೌಸ್' ತೆಗೆದು ಹಾಕಿಕೊಂಡು ನಿನ್ನನ್ನು ಎತ್ತಿಕೊಂಡೆ. ಒಂದು ದಿನಕ್ಕೆ ಎಂದುಕೊಂಡಿದ್ದೆ. ಒಂದೂವರೆ ವರ್ಷ ನಿನ್ನನ್ನು ಬರಿಗೈಯಲ್ಲಿ ಮುಟ್ಟಲಿಲ್ಲ ಪುಟ್ಟಿ. ಹಾಲು ಕುಡಿಸುವಾಗಲೂ, ಸ್ನಾನ ಮಾಡಿಸುವಾಗಲೂ, ತಟ್ಟಿ ಮಲಗಿಸುವಾಗಲೂ. ನಿಮ್ಮಪ್ಪ ಹೇಳಿ ಹೇಳಿ ಸೋತರು. ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಕರೆದು ಬಾಗಿಲಿನಿಂದ ತೋರಿಸಿದರು. ನೀನು ಒಣಗಲು ಹಾಕಿದ್ದ 'ಗ್ಲೌಸ್' ಒಂದನ್ನು ಎಳೆದುಕೊಂಡು, ಅದನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದ್ದೆ. "ಅದೇನು ಅಂತ ಕೇಳಿದೆ. ಅಮ್ಮನ ಕೈ ಅಂದ್ಲು" ಎಂದರು ನಿಮ್ಮಪ್ಪ. ಅವರು ಆ ದಿನ ಅಂಗಡಿ ತೆಗೆಯಲಿಲ್ಲ.

ನಾನು ಅಲ್ಲೇ ಕೂತು ಬರಿಗೈಯನ್ನು ನಿನ್ನ ಕೆನ್ನೆಯ ಮೇಲೆ ಇಟ್ಟೆ. ನೀನು ಎಚ್ಚರಗೊಂಡು ನನ್ನ ಕೈ ನೋಡಿದೆ. ಯಾರದ್ದೋ ಕೈ ಎನ್ನುವ ಹಾಗೆ ದೂಡಿ, ಅತ್ತು, ಗೋಡೆಯ ಕಡೆ ತಿರುಗಿಕೊಂಡೆ.

ಮುಂದಿನ ತಿಂಗಳು ಬರುತ್ತೇನೆ. ಚೀಲದಲ್ಲಿ ಒಂದು ಜೊತೆಯೂ ಇರುವುದಿಲ್ಲ, ಬೇಕಾದರೆ ತಡಕಿ ನೋಡು. ಬಾಗಿಲಲ್ಲಿ ನಿಲ್ಲಿಸಿ ಎಷ್ಟು ಸಲ ಬೇಕೋ ಅಷ್ಟು ಸಲ ಕೈ ತೊಳೆಸು. ಆಮೇಲೆ ಹೊಟ್ಟೆ ಮುಟ್ಟಲು ಬಿಡು. ಮೊದಲು ನಿನ್ನ ಅತ್ತೆ ಮುಟ್ಟಲಿ, ಅವರಿಗೆ ಒಂದು ಒದೆ ಬಾಕಿ ಇದೆ. ಆಮೇಲೆ ನಾನು.